ಸರ್ವರ್ ಡೌನ್ ಅಲ್ಲ ಸ್ವಾಮಿ, ಕಾವಲು ಡೌನ್!



‘ಸರ್ವರ್ ಡೌನ್’. ಈ ಎರಡು ಪದ ಕೇಳದ ಕನ್ನಡಿಗರು ಇಂದು ಈ ನಾಡಿನಲ್ಲಿ ಇದ್ದಾರೆಯೇ? ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ತಾಯಿಗೆ ಇದೇ ಉತ್ತರ. ಪಹಣಿಗಾಗಿ ಅರ್ಧ ದಿನದ ಕೂಲಿ ಬಿಟ್ಟು ಬಂದ ರೈತನಿಗೆ ಇದೇ ಉತ್ತರ. ಅರ್ಜಿ ಹಾಕುವ ಕೊನೆಯ ದಿನ ಸೈಬರ್ ಅಂಗಡಿಯಲ್ಲಿ ಕೂತ ಹುಡುಗಿಗೂ ಇದೇ ಉತ್ತರ. ಹಿಂದೆ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದರು. ಊಟಕ್ಕೆ ಹೋದ ಸಾಹೇಬರು ಮೂರು ಗಂಟೆಗಾದರೂ ಬಾಯಿ ಒರೆಸಿಕೊಂಡು ಬರುತ್ತಿದ್ದರು. ಸರ್ವರ್ ಯಾವಾಗ ಬರುತ್ತದೆ ಸ್ವಾಮಿ ಎಂದು ಕೇಳಿ ನೋಡಿ. ಯಾರಿಗೂ ಗೊತ್ತಿಲ್ಲ!

ಯಾಕೆ ಗೊತ್ತಿಲ್ಲ? ಯಾರೂ ನೋಡುತ್ತಿಲ್ಲ, ಅದಕ್ಕೇ ಗೊತ್ತಿಲ್ಲ. ನೋಡುತ್ತಿರುವವರೂ ನೋಡಬೇಕಾದ್ದನ್ನು ಬಿಟ್ಟು ಬೇರೇನನ್ನೋ ನೋಡುತ್ತಾ ಕೂತಿದ್ದಾರೆ. ಈ ಲೇಖನದ ಜಗಳ ಅಷ್ಟೇ. ಬಾಗಿಲು ತೆರೆದಿದೆಯೇ ಎಂದು ಕಾಯುವುದನ್ನು ಬಿಡಿ, ಸಾಲು ಎಷ್ಟು ಉದ್ದವಿದೆ ಎಂದು ಕಾಯಿರಿ!

ನಮಗ್ಯಾಕೆ ಈ ಪಾಠ?

ಚಳವಳಿಯ ಪತ್ರಿಕೆಯಲ್ಲಿ ಕಂಪ್ಯೂಟರ್ ಪಾಠವೇ ಎಂದು ಹುಬ್ಬೇರಿಸಬೇಡಿ. ಇಂದು ನಮ್ಮ ಸಂಘಗಳ ಸದಸ್ಯತ್ವ, ಪ್ರಕಾಶಕರ ಪುಸ್ತಕ ಮಾರಾಟ, ಶಾಲೆಗಳ ಪ್ರವೇಶ ಪತ್ರ, ಸಮ್ಮೇಳನದ ನೋಂದಣಿ ಎಲ್ಲವೂ ಜಾಲತಾಣದ ಮೇಲೆ ಕೂತಿವೆ. ಅಂಥ ತಾಣಗಳಲ್ಲಿ ಲೆಕ್ಕವಿಲ್ಲದಷ್ಟು ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದವು. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಸ್ವಂತ ಪುಟಕ್ಕೆಂದು ಕಟ್ಟಿಕೊಂಡ ಸಣ್ಣ ಉಪಕರಣ ಅದು. 1995ರಲ್ಲಿ ಅದನ್ನು ಜಗತ್ತಿಗೆ ಹಂಚಿದ. 2003ರಲ್ಲಿ ಬಂದ ವರ್ಡ್‌ಪ್ರೆಸ್ ನಿಂತಿರುವುದು ಅದರ ಮೇಲೆ. ಅದೇ 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯ ಓಡುವುದೂ ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆ.

ಪಿಎಚ್‌ಪಿ ತಾನೇ ತಾನಾಗಿ ಕೆಲಸ ಮಾಡುವುದಿಲ್ಲ. ಅದನ್ನು ಓಡಿಸಲು ಒಂದು ಸೇವೆ ಬೇಕು. ಇಂದು ಹೆಚ್ಚು ಕಡೆ ಆ ಕೆಲಸ ಮಾಡುವುದು ಪಿಎಚ್‌ಪಿ-ಎಫ್‌ಪಿಎಂ. 2010ರ ಜುಲೈಯಲ್ಲಿ ಬಂದ ಪಿಎಚ್‌ಪಿ 5.3.3ರಿಂದ ಅದು ಪಿಎಚ್‌ಪಿಯ ಜೊತೆಯಲ್ಲೇ ಬರುತ್ತಿದೆ. ತಾಣ ನಿಂತುಹೋದಾಗ ಅನೇಕ ಸಲ ಉಸಿರುಗಟ್ಟಿ ಬಿದ್ದಿರುವುದು ಇದೇ. ಆದರೆ ಇದರ ಮೇಲೆ ಕಣ್ಣಿಟ್ಟವರು ಎಷ್ಟು ಜನ? ನಿಮ್ಮ ಸಂಘದ ತಾಣ ನೋಡಿಕೊಳ್ಳುವವರನ್ನು ಇಂದೇ ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆದುಕೊಳ್ಳದಿದ್ದರೆ ನಮ್ಮ ಪತ್ರಿಕೆಗೆ ಬರೆದು ತಿಳಿಸಿ!

ಐದು ಗುಮಾಸ್ತರ ಕಚೇರಿ

ತಾಲ್ಲೂಕು ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಾಗಿಲಲ್ಲಿ ಒಬ್ಬ ಜವಾನ. ಒಳಗೆ ಐದು ಕೌಂಟರ್, ಐದು ಜನ ಗುಮಾಸ್ತರು. ಹೊರಗೆ ಕಾಯಲು ಬೆಂಚು. ಜವಾನ ಅರ್ಜಿ ಇಸಿದುಕೊಂಡು ಒಳಗೆ ಕೊಡುತ್ತಾನೆ, ಉತ್ತರ ಬಂದ ಮೇಲೆ ನಿಮ್ಮ ಕೈಗೆ ಕೊಡುತ್ತಾನೆ. ಅಷ್ಟೇ ಅವನ ಕೆಲಸ.

ಆ ಜವಾನನೇ ಎಂಜಿನ್‌ಎಕ್ಸ್ ಅಥವಾ ಅಪಾಚೆ ಎಂಬ ವೆಬ್ ಸರ್ವರ್. ಗುಮಾಸ್ತರು ಎಂದರೆ ಎಫ್‌ಪಿಎಂನ ವರ್ಕರ್‌ಗಳು. ಒಬ್ಬ ಗುಮಾಸ್ತ ಒಂದು ಸಲಕ್ಕೆ ಒಂದೇ ಅರ್ಜಿ ನೋಡುತ್ತಾನೆ. ಎಷ್ಟು ಗುಮಾಸ್ತರು ಇರಬಹುದು ಎಂಬುದನ್ನು ಪಿಎಂ.ಮ್ಯಾಕ್ಸ್_ಚಿಲ್ಡ್ರನ್ ಎಂಬ ಸಾಲು ನಿರ್ಧರಿಸುತ್ತದೆ. ಪಿಎಚ್‌ಪಿಯ ಜೊತೆ ಬರುವ ಮಾದರಿ ಕಡತದಲ್ಲಿ ಈ ಸಂಖ್ಯೆ ಬರೀ 5! ಬೆಂಚಿನ ಮೇಲೆ ಕೂರಬಹುದಾದವರ ಸಂಖ್ಯೆಗೆ ಬ್ಯಾಕ್‌ಲಾಗ್ ಎಂದು ಹೆಸರು. ಪಿಎಚ್‌ಪಿಯ ಹಳೆಯ ಆವೃತ್ತಿಗಳಲ್ಲಿ ಲಿನಕ್ಸ್‌ನಲ್ಲಿ ಅದರ ಮೂಲ ಬೆಲೆ 511 ಆಗಿತ್ತು.

ಈಗ ಲೆಕ್ಕ ಹಾಕೋಣ. ಒಂದು ಅರ್ಜಿಗೆ ಸೆಕೆಂಡಿನ ಐದನೇ ಒಂದು ಭಾಗ ಸಾಕು ಎನ್ನಿ. ಐದು ಗುಮಾಸ್ತರು ಸೆಕೆಂಡಿಗೆ 25 ಅರ್ಜಿ ಮುಗಿಸುತ್ತಾರೆ. ಸೆಕೆಂಡಿಗೆ 20 ಜನ ಬಂದರೂ ಯಾರೂ ಬೆಂಚಿನ ಮೇಲೆ ಹೆಚ್ಚು ಹೊತ್ತು ಕೂರಬೇಕಿಲ್ಲ. ಸುಖದ ಸಂಸಾರ! ಒಂದು ದಿನ ದತ್ತಸಂಚಯ ನಿಧಾನವಾಗುತ್ತದೆ. ಹಿಂದಿನ ಕೋಣೆಯಿಂದ ಕಡತ ಬರುವುದೇ ತಡ ಎಂದಿಟ್ಟುಕೊಳ್ಳಿ. ಒಂದೊಂದು ಅರ್ಜಿಗೆ 4 ಸೆಕೆಂಡು ಹಿಡಿಯುತ್ತದೆ. ಅದೇ ಐದು ಗುಮಾಸ್ತರು ಈಗ 4 ಸೆಕೆಂಡಿಗೆ ಐದೇ ಅರ್ಜಿ ಮುಗಿಸುತ್ತಾರೆ. ಅಂದರೆ ಸೆಕೆಂಡಿಗೆ ಒಂದೂಕಾಲು! ಬರುವವರು 20, ಹೋಗುವವರು ಒಂದೂಕಾಲು. 511 ಜನರ ಬೆಂಚು ತುಂಬಲು ಎಷ್ಟು ಹೊತ್ತು ಬೇಕು ಗೊತ್ತೇ? ಸುಮಾರು 27 ಸೆಕೆಂಡು. ನೀವು ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಕಚೇರಿ ಕೂತುಹೋಗುತ್ತದೆ!

ಬೆಂಚಿನ ತುದಿಯಲ್ಲಿ ಕೂತವರ ಸರದಿ ಬರಲು ಹೆಚ್ಚುಕಡಿಮೆ ಏಳು ನಿಮಿಷ ಬೇಕು. ಎಂಜಿನ್‌ಎಕ್ಸ್ ಅಷ್ಟು ಹೊತ್ತು ಕಾಯುವುದಿಲ್ಲ. ಬೇರೆ ಅಪ್ಪಣೆ ಇಲ್ಲದಿದ್ದರೆ 60 ಸೆಕೆಂಡಿಗೆ ಕೈ ಝಾಡಿಸಿ 504 ಎಂಬ ಚೀಟಿ ಕೊಟ್ಟು ಕಳಿಸುತ್ತದೆ. ನೀವು ಏನು ಮಾಡುತ್ತೀರಿ? ಪುಟವನ್ನು ಮತ್ತೆ ಒತ್ತುತ್ತೀರಿ. ಹೊಸ ಅರ್ಜಿ ಬೆಂಚಿನ ಮೇಲೆ ಬೀಳುತ್ತದೆ. ಹಳೆಯ ಅರ್ಜಿಯೂ ಅಲ್ಲೇ ಇದೆ. ಎದ್ದುಹೋದವರ ಅರ್ಜಿಗೂ ಗುಮಾಸ್ತ ಉತ್ತರ ಬರೆಯುತ್ತಾ ಕೂತಿರುತ್ತಾನೆ, ಇಸಿದುಕೊಳ್ಳುವವರು ಮಾತ್ರ ಯಾರೂ ಇಲ್ಲ!

ಹಸಿರು ದೀಪದ ಸುಳ್ಳು

ಈ ಹೊತ್ತಿನಲ್ಲಿ ಗುತ್ತಿಗೆದಾರ ಮಹಾಶಯರ ಗೋಡೆಯ ಮೇಲಿನ ಪರದೆ ಏನು ತೋರಿಸುತ್ತಿರುತ್ತದೆ? ಎಲ್ಲ ಹಸಿರು! ಪಿಂಗ್ ಮಾಡಿದರೆ ಯಂತ್ರ ಓಗೊಡುತ್ತದೆ. 443ನೇ ಬಾಗಿಲು ತೆರೆದಿದೆ. ಎಂಜಿನ್‌ಎಕ್ಸ್ ಜೀವಂತವಾಗಿದೆ. ಎಫ್‌ಪಿಎಂ ಸಹ ‘ಓಡುತ್ತಿದೆ’ ಎಂದು ವ್ಯವಸ್ಥೆ ಹೇಳುತ್ತದೆ. ಸಿಪಿಯು ನೋಡಿದರೆ ಆರಾಮಾಗಿ ಆಕಳಿಸುತ್ತಿದೆ. ಆಕಳಿಸದೆ ಇನ್ನೇನು? ಗುಮಾಸ್ತರೆಲ್ಲ ಹಿಂದಿನ ಕೋಣೆಯ ಕಡತಕ್ಕಾಗಿ ಕೈ ಕಟ್ಟಿ ಕೂತಿದ್ದಾರೆ. ಕೆಲಸ ನಡೆದರೆ ತಾನೇ ಬೆವರು?

ಜವಾನ ಬಾಗಿಲಲ್ಲಿ ಇದ್ದಾನೆ, ಆದ್ದರಿಂದ ಕಚೇರಿ ನಡೆಯುತ್ತಿದೆ. ಇದು ಇವರ ತರ್ಕ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಯಂತ್ರ ಬದುಕಿದೆ ಎಂಬುದಕ್ಕೂ ಸೇವೆ ಸಿಗುತ್ತಿದೆ ಎಂಬುದಕ್ಕೂ ಅಜಗಜಾಂತರ.

ಒಳಗಿನ ಲೆಕ್ಕ ಎಲ್ಲಿದೆ?

ಗುಟ್ಟೇನೂ ಇಲ್ಲ. ಎಫ್‌ಪಿಎಂ ತನ್ನ ಲೆಕ್ಕವನ್ನು ತಾನೇ ಒಪ್ಪಿಸಲು ಸಿದ್ಧವಾಗಿದೆ. ಕೇಳುವವರು ಬೇಕು ಅಷ್ಟೇ. ಪೂಲ್ ಕಡತದಲ್ಲಿ ಪಿಎಂ.ಸ್ಟೇಟಸ್_ಪಾತ್ ಎಂಬ ಸಾಲಿನ ಮುಂದೆ ಒಂದು ವಿಳಾಸ ಬರೆದು, ಎಂಜಿನ್‌ಎಕ್ಸ್‌ಗೂ ಆ ದಾರಿ ತೋರಿಸಿ ಸೇವೆಯನ್ನು ರೀಲೋಡ್ ಮಾಡಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಆ ವಿಳಾಸಕ್ಕೆ ಹೋದರೆ ಸಿಗುವುದು ಇವು:

ಒಂದು, ಆ್ಯಕ್ಟಿವ್ ಪ್ರೊಸೆಸಸ್. ಈಗ ಕೈಯಲ್ಲಿ ಕೆಲಸ ಇರುವ ಗುಮಾಸ್ತರು.

ಎರಡು, ಐಡಲ್ ಪ್ರೊಸೆಸಸ್. ಖಾಲಿ ಕೂತವರು. ಇದು ಸೊನ್ನೆಯಾಗಿ, ಸೇರಿಸಲು ಹೊಸ ಗುಮಾಸ್ತರೂ ಇಲ್ಲ ಎಂದರೆ ಮುಂದೆ ಬರುವವರು ಬೆಂಚಿಗೆ.

ಮೂರು, ಲಿಸನ್ ಕ್ಯೂ. ಬೆಂಚಿನ ಮೇಲೆ ಕಾಯುತ್ತಿರುವವರು. ಇದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಇದು ಸೊನ್ನೆ ಬಿಟ್ಟು ಮೇಲೆದ್ದು ಅಲ್ಲೇ ನಿಂತಿತೆಂದರೆ ಜನ ಕಾಯುತ್ತಿದ್ದಾರೆ ಎಂದೇ ಅರ್ಥ.

ನಾಲ್ಕು, ಮ್ಯಾಕ್ಸ್ ಚಿಲ್ಡ್ರನ್ ರೀಚ್ಡ್. ಹೊಸ ಗುಮಾಸ್ತನನ್ನು ಕರೆಯಲು ಹೋಗಿ, ಮಿತಿ ಮುಟ್ಟಿ, ಬರಿಗೈಲಿ ಬಂದದ್ದು ಎಷ್ಟು ಸಲ ಎಂಬ ಲೆಕ್ಕ. ಗುಮಾಸ್ತರ ಸಂಖ್ಯೆಯನ್ನು ಸ್ಟ್ಯಾಟಿಕ್ ಎಂದು ಕಟ್ಟಿಹಾಕಿದ್ದರೆ ಈ ಲೆಕ್ಕ ಏರುವುದಿಲ್ಲ, ನೆನಪಿರಲಿ.

ಐದು, ಸ್ಲೋ ರಿಕ್ವೆಸ್ಟ್ಸ್. ನೀವು ಹಾಕಿದ ಗಡುವು ಮೀರಿದ ಅರ್ಜಿಗಳು.

ಇಲ್ಲೊಂದು ಎಚ್ಚರಿಕೆ. ಎಂಜಿನ್‌ಎಕ್ಸ್ ಮತ್ತು ಎಫ್‌ಪಿಎಂ ಒಂದೇ ಯಂತ್ರದಲ್ಲಿ ಯುನಿಕ್ಸ್ ಸಾಕೆಟ್ ಮೂಲಕ ಮಾತಾಡುತ್ತಿದ್ದರೆ, ಬೆಂಚು ತುಂಬಿದ್ದರೂ ಲಿಸನ್ ಕ್ಯೂ ಸೊನ್ನೆ ಎಂದೇ ತೋರುವುದುಂಟು. ಅಂಥ ಕಡೆ ಲಿನಕ್ಸ್‌ನ ಎಸ್‌ಎಸ್ ಆಜ್ಞೆಯಿಂದ ಆ ಸಾಕೆಟ್‌ನ ಸರತಿಯನ್ನು ನೇರವಾಗಿ ಎಣಿಸಿ. ಸೊನ್ನೆ ಕಂಡ ಕೂಡಲೇ ಕಾಲು ಚಾಚಿ ಮಲಗಬೇಡಿ!

ಇನ್ನೊಂದು ಮಾತು. ಈ ಲೆಕ್ಕದ ಪುಟವನ್ನು ಬೀದಿಗೆ ಇಡಬೇಡಿ. ಇದರ ಪೂರ್ಣ ರೂಪದಲ್ಲಿ ಯಾರು ಯಾವ ವಿಳಾಸ ಕೇಳಿದರು ಎಂಬುದೂ ಇರುತ್ತದೆ. ವಿಳಾಸದ ಬಾಲದಲ್ಲಿ ಜನರ ಅರ್ಜಿ ಸಂಖ್ಯೆ, ಗುರುತು ಸಂಖ್ಯೆ ಇದ್ದರೆ ಅದೂ ಬಯಲು. ಒಳಗಿನ ಯಂತ್ರಕ್ಕೆ ಮಾತ್ರ ಪ್ರವೇಶ, ಉಳಿದವರಿಗೆ ಇಲ್ಲ ಎಂದು ಎಂಜಿನ್‌ಎಕ್ಸ್‌ನಲ್ಲಿ ಎರಡು ಸಾಲು ಬರೆಯಿರಿ. ಮನೆ ಕಾಯಲು ನಾಯಿ ತಂದು ಬಾಗಿಲು ತೆರೆದಿಟ್ಟು ಮಲಗುವವರನ್ನು ಏನೆನ್ನಬೇಕು?

ಕುರುಡು ಕಾವಲುಗಾರ

ಸ್ಟೇಟಸ್ ಪುಟ ಹಾಕಿದೆವು, ಇನ್ನು ಚಿಂತೆಯಿಲ್ಲ ಎನ್ನುವವರೇ, ಸ್ವಲ್ಪ ನಿಲ್ಲಿ. ಆ ಲೆಕ್ಕ ಕೇಳುವ ಅರ್ಜಿಯನ್ನು ನೋಡುವವರು ಯಾರು? ಅದೇ ಐದು ಗುಮಾಸ್ತರು! ಅವರೆಲ್ಲ ಸಿಕ್ಕಿಹಾಕಿಕೊಂಡಾಗ ನಿಮ್ಮ ಕಾವಲಿನ ಅರ್ಜಿಯೂ ಬೆಂಚಿನ ಮೇಲೆ ಕೂರುತ್ತದೆ. ಎಲ್ಲ ಸರಿಯಿದ್ದಾಗ ಚಂದದ ಅಂಕಿ ಬರುತ್ತದೆ. ಬೆಂಕಿ ಬಿದ್ದ ಗಳಿಗೆಯಲ್ಲೇ ಅಂಕಿ ನಿಂತುಹೋಗುತ್ತದೆ. ಇಂಥ ಕಾವಲುಗಾರ ಬೇಕೇ?

ಇದಕ್ಕೆ ಮದ್ದು ಬಂದು ವರ್ಷಗಳೇ ಆದವು. 2020ರಲ್ಲಿ ಬಂದ ಪಿಎಚ್‌ಪಿ 8.0ರಲ್ಲಿ ಪಿಎಂ.ಸ್ಟೇಟಸ್_ಲಿಸನ್ ಎಂಬ ಸಾಲು ಸೇರಿತು. ಲೆಕ್ಕ ಒಪ್ಪಿಸಲು ಬೇರೆಯೇ ಕಿಟಕಿ. ಸಾಮಾನ್ಯ ಕೌಂಟರ್‌ಗಳೆಲ್ಲ ತುಂಬಿದ್ದರೂ ಇದು ಉತ್ತರಿಸುತ್ತದೆ. ಮರುವರ್ಷ ಬಂದ 8.1ರಲ್ಲಿ ಓಪನ್‌ಮೆಟ್ರಿಕ್ಸ್ ರೂಪದಲ್ಲೇ ಅಂಕಿ ಸಿಗುತ್ತದೆ. ಪ್ರೊಮೀಥಿಯಸ್‌ನಂಥ ಉಪಕರಣ ನೇರವಾಗಿ ಓದಿಕೊಳ್ಳಬಹುದು. ಹಳೆಯ ಆವೃತ್ತಿಯಲ್ಲೇ ಕೂತವರು ಒಂದು ನಿಯಮವನ್ನಾದರೂ ಹಾಕಿಕೊಳ್ಳಿ: ಅಂಕಿ ಬರಲಿಲ್ಲ ಎಂದರೆ ಅದೇ ಅಪಾಯದ ಗಂಟೆ. ಗ್ರಾಫ್‌ನಲ್ಲಿ ಖಾಲಿ ಜಾಗ ಕಂಡರೆ ಅದು ವಿರಾಮವಲ್ಲ ಸ್ವಾಮಿ, ಕಾವಲುಗಾರನ ಹೆಣ!

ರೀಸ್ಟಾರ್ಟ್ ಮಾಂತ್ರಿಕರು

ನಮ್ಮಲ್ಲಿ ಒಂದು ವರ್ಗವಿದೆ. ಜ್ವರ ಬಂದರೂ ರೀಸ್ಟಾರ್ಟ್, ಕಾಲು ಮುರಿದರೂ ರೀಸ್ಟಾರ್ಟ್. ಗುಂಡಿ ಒತ್ತಿದ ಕೂಡಲೇ ತಾಣ ಎದ್ದು ಕೂರುತ್ತದೆ, ಮಾಂತ್ರಿಕರಿಗೆ ಜೈ! ಅರ್ಧ ಗಂಟೆಗೆ ಮತ್ತೆ ಮಲಗುತ್ತದೆ. ಬೆಂಚಿನ ಮೇಲಿದ್ದವರನ್ನೆಲ್ಲ ಕತ್ತು ಹಿಡಿದು ಹೊರಗೆ ತಳ್ಳಿ ‘ನೋಡಿ, ಸಾಲೇ ಇಲ್ಲ’ ಎಂದರೆ ಅದು ಪರಿಹಾರವೇ?

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರೀಸ್ಟಾರ್ಟ್ ಮಾಡಿದೊಡನೆ ಎಫ್‌ಪಿಎಂನ ಲೆಕ್ಕದ ಪುಸ್ತಕವೂ ಅಳಿಸಿ ಮೊದಲಿನಿಂದ ಶುರುವಾಗುತ್ತದೆ. ಮಿತಿ ಎಷ್ಟು ಸಲ ಮುಟ್ಟಿತು, ಸಾಲು ಎಷ್ಟು ಉದ್ದ ಬೆಳೆದಿತ್ತು, ಎಲ್ಲ ಸೊನ್ನೆ. ಪೊಲೀಸರು ಬರುವ ಮೊದಲೇ ರಕ್ತದ ಕಲೆ ತೊಳೆದ ಹಾಗೆ! ಅಂಕಿಗಳನ್ನು ನಿಮಿಷಕ್ಕೆ ಒಂದೆರಡು ಸಲ ಹೊರಗಿನ ಯಂತ್ರವೊಂದು ಓದಿ ಬರೆದಿಟ್ಟುಕೊಂಡಿದ್ದರೆ ಮಾತ್ರ ಸಾಕ್ಷ್ಯ ಉಳಿಯುತ್ತದೆ. ಕಾವಲು ಎಂದರೆ ನೋಡುವುದಷ್ಟೇ ಅಲ್ಲ, ಬರೆದಿಡುವುದು.

ಇನ್ನೊಂದು ವರ್ಗ ಸಂಖ್ಯೆ ಏರಿಸುವವರದು. ಮಿತಿ ಮುಟ್ಟಿದಾಗ ಎಫ್‌ಪಿಎಂ ತನ್ನ ಲಾಗ್‌ನಲ್ಲಿ ಮಿತಿ ಏರಿಸುವ ಬಗ್ಗೆ ಯೋಚಿಸಿ ಎಂದು ಬರೆಯುತ್ತದೆ. ಇವರು ಯೋಚಿಸುವುದನ್ನು ಬಿಟ್ಟು ಏರಿಸುತ್ತಾರೆ! 5 ಇದ್ದದ್ದು 200. ಒಬ್ಬ ಗುಮಾಸ್ತ 60 ಎಂಬಿ ನೆನಪು ತಿಂದರೆ 200 ಜನಕ್ಕೆ 12,000 ಎಂಬಿ. ನಿಮ್ಮ ಯಂತ್ರದಲ್ಲಿ ಇರುವುದು 4 ಜಿಬಿ. ಆಮೇಲೆ ಲಿನಕ್ಸ್ ತಾನೇ ಕತ್ತಿ ಹಿರಿದು ಸಿಕ್ಕಿದ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಅದು ಮೈಎಸ್‌ಕ್ಯುಎಲ್ ಆಗಿದ್ದರೆ ಕಥೆ ಮುಗಿಯಿತು. ನೆನಪು ಸಾಕಷ್ಟು ಇದ್ದರೂ ಮೈಎಸ್‌ಕ್ಯುಎಲ್‌ನ ಸಂಪರ್ಕದ ಮೂಲ ಮಿತಿ 151. ಹಿಂದಿನ ಕೋಣೆಯ ಬಾಗಿಲು ಅಷ್ಟೇ ಅಗಲ ಇರುವಾಗ ಮುಂದೆ 200 ಕೌಂಟರ್ ತೆರೆದು ಏನು ಪುರುಷಾರ್ಥ?

ಮೊದಲು ಕೇಳಬೇಕಾದ ಪ್ರಶ್ನೆ: ಗುಮಾಸ್ತನಿಗೆ ತಡವಾಗುತ್ತಿರುವುದು ಎಲ್ಲಿ? ಅದಕ್ಕೂ ಎಫ್‌ಪಿಎಂ ಉತ್ತರ ಇಟ್ಟುಕೊಂಡಿದೆ. ರಿಕ್ವೆಸ್ಟ್_ಸ್ಲೋಲಾಗ್_ಟೈಮ್‌ಔಟ್ ಎಂಬಲ್ಲಿ ಮೂರು ಸೆಕೆಂಡು ಎಂದು ಬರೆದು, ಸ್ಲೋಲಾಗ್‌ಗೆ ಒಂದು ಕಡತದ ಹೆಸರು ಕೊಡಿ. ಗಡುವು ಮೀರಿದ ಪ್ರತಿ ಅರ್ಜಿ ಯಾವ ಕಡತದ ಎಷ್ಟನೇ ಸಾಲಿನಲ್ಲಿ ಸಿಕ್ಕಿಬಿದ್ದಿದೆ ಎಂದು ಹೆಸರು ಹಿಡಿದು ಬರೆಯುತ್ತದೆ. ಇಷ್ಟು ಒಳ್ಳೆಯ ಸಾಕ್ಷಿ, ಆದರೆ ತಾನಾಗಿ ಬಾಯಿ ಬಿಡುವುದಿಲ್ಲ. ಮೂಲ ಬೆಲೆ ಸೊನ್ನೆ, ಅಂದರೆ ಬಂದ್! ಪಿಎಚ್‌ಪಿಯಲ್ಲಿ 30 ಸೆಕೆಂಡಿನ ಗಡುವು ಇದೆಯಲ್ಲ ಎನ್ನುವ ಜಾಣರೂ ಇದ್ದಾರೆ. ಲಿನಕ್ಸ್‌ನಲ್ಲಿ ಆ ಗಡುವು ದತ್ತಸಂಚಯಕ್ಕಾಗಿ ಕಾದ ಹೊತ್ತನ್ನು ಎಣಿಸುವುದೇ ಇಲ್ಲ. ಕಾಯುವುದೇ ರೋಗವಾದಾಗ ಕಾದದ್ದನ್ನು ಎಣಿಸದ ಗಡಿಯಾರ ಕಟ್ಟಿಕೊಂಡು ಏನು ಮಾಡುತ್ತೀರಿ?

ಕನ್ನಡ ಪ್ರಶ್ನಾರ್ಥಕ ಚಿಹ್ನೆಯಾದಾಗ

ಈಗ ನಮ್ಮ ಹೊಟ್ಟೆಗೆ ಬೆಂಕಿ ಬೀಳುವ ವಿಷಯ. ಎಲ್ಲ ಅಂಕಿಯೂ ಸರಿಯಿದೆ. ಸಾಲು ಇಲ್ಲ, ಗುಮಾಸ್ತರು ಖಾಲಿ, ಉತ್ತರ 200 ಎಂದರೆ ಸರಿ. ಪುಟ ತೆರೆದರೆ ಕನ್ನಡ ಇದ್ದ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ!

ಇದು ಹೇಗಾಗುತ್ತದೆ? ಮೈಎಸ್‌ಕ್ಯುಎಲ್‌ನ ಮೂಲ ಲಿಪಿ ವ್ಯವಸ್ಥೆ 5.7ರವರೆಗೂ ಲ್ಯಾಟಿನ್1 ಆಗಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 2018ರ 8.0ರಲ್ಲಿ ಯುಟಿಎಫ್8ಎಂಬಿ4 ಬಂತು. ತಾಣವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಸಂಪರ್ಕದ ಲಿಪಿ ಯಾವುದು ಎಂಬ ಒಂದು ಸಾಲು ತಪ್ಪಿದರೆ ಸಾಕು, ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ. ಓದುವಾಗ ಮಾತ್ರ ಹೀಗಾದರೆ ಸರಿಪಡಿಸಬಹುದು. ಸಡಿಲ ನಿಯಮದ ಹಳೆಯ ವ್ಯವಸ್ಥೆಯಲ್ಲಿ ಬರೆಯುವಾಗಲೇ ಹೀಗಾದರೆ ಒಳಗೆ ಉಳಿಯುವುದು ಚಿಹ್ನೆ ಮಾತ್ರ. ಅಕ್ಷರ ಹೋಯಿತು, ಮತ್ತೆ ಬರುವುದಿಲ್ಲ. ಹೊಸ ಸದಸ್ಯರ ಹೆಸರು, ಕವಿಯ ಕವಿತೆ, ಊರಿನ ವಿಳಾಸ ಎಲ್ಲ ಮಣ್ಣುಪಾಲು. ಯಂತ್ರ ಮಾತ್ರ ‘200, ಎಲ್ಲ ಸರಿ’ ಎನ್ನುತ್ತಲೇ ಇರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಈ ಗತಿ ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ಪುಟವನ್ನಷ್ಟೇ ನೋಡುವವರ ಕಣ್ಣಿಗೆ ಇದು ಬೀಳುವುದೂ ಇಲ್ಲ!

ಆದ್ದರಿಂದ ಕಾವಲಿನಲ್ಲಿ ಈ ಪರೀಕ್ಷೆ ಕಡ್ಡಾಯವಾಗಲಿ. ಐದು ನಿಮಿಷಕ್ಕೊಮ್ಮೆ ಹೊರಗಿನ ಯಂತ್ರವೊಂದು ಪುಟವನ್ನು ತರಿಸಬೇಕು. ಅದರಲ್ಲಿ ದತ್ತಸಂಚಯದಿಂದ ಬಂದ ಒಂದು ಗೊತ್ತಾದ ಕನ್ನಡ ಪದ ಇದೆಯೇ ಎಂದು ಹುಡುಕಬೇಕು. ಒತ್ತಕ್ಷರ ಇರುವ ಪದವನ್ನೇ ಇಡಿ. ಸಿಗದಿದ್ದರೆ ಗಂಟೆ ಬಾರಿಸಬೇಕು. ಜವಾನ, ಗುಮಾಸ್ತ, ಹಿಂದಿನ ಕೋಣೆ, ಕನ್ನಡ ಈ ನಾಲ್ಕೂ ಬದುಕಿವೆ ಎಂದು ಒಂದೇ ಏಟಿಗೆ ತಿಳಿಯುತ್ತದೆ.

ಹಾಗೆಯೇ ಕ್ಷಮೆ ಕೇಳುವುದಾದರೂ ಕನ್ನಡದಲ್ಲಿ ಕೇಳಿ. ಎಫ್‌ಪಿಎಂ ಸತ್ತಾಗ ಎಂಜಿನ್‌ಎಕ್ಸ್ ‘502 ಬ್ಯಾಡ್ ಗೇಟ್‌ವೇ’ ಎಂದು ಬರಿಯ ಇಂಗ್ಲಿಷಿನಲ್ಲಿ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಹಳ್ಳಿಯ ಅಜ್ಜನಿಗೆ ಯಾವ ಗೇಟು, ಯಾವ ವೇ? ಎರರ್_ಪೇಜ್ ಎಂಬ ಒಂದು ಸಾಲಿನಿಂದ ಅಲ್ಲಿ ಕನ್ನಡದ ಪುಟ ಇಡಬಹುದು. ಪಿಎಚ್‌ಪಿ ಸತ್ತಿದ್ದರೂ ಅದು ಕಾಣುತ್ತದೆ. ಆದರೆ ಕನ್ನಡ ಪುಟ ಕೊಡುವ ನೆಪದಲ್ಲಿ 502 ಎಂಬ ಸಂಖ್ಯೆಯನ್ನು 200 ಎಂದು ತಿದ್ದಬೇಡಿ. ಜನರಿಗೆ ಕ್ಷಮೆ, ಯಂತ್ರಕ್ಕೆ ಸತ್ಯ. ಎರಡೂ ಬೇಕು.

ತೋಳ ಬಂತು ತೋಳ!

ಇಷ್ಟೆಲ್ಲ ಓದಿ ಉತ್ಸಾಹ ಉಕ್ಕಿ, ಸಿಕ್ಕಿದ್ದಕ್ಕೆಲ್ಲ ಎಚ್ಚರಿಕೆ ಹಾಕಬೇಡಿ. ರಾತ್ರಿ ಎರಡಕ್ಕೆ ‘ಸಿಪಿಯು 70’ ಎಂದು ನಾಲ್ಕು ದಿನ ಎಬ್ಬಿಸಿದರೆ ಐದನೇ ದಿನ ಆ ಹುಡುಗ ಫೋನನ್ನು ತಲೆದಿಂಬಿನ ಅಡಿಗೆ ತಳ್ಳುತ್ತಾನೆ. ಅಂದೇ ನಿಜವಾದ ತೋಳ ಬರುತ್ತದೆ. ನಿದ್ದೆಯಿಂದ ಎಬ್ಬಿಸಲು ಮೂರು ಕಾರಣ ಸಾಕು. ಸಾಲು ಒಂದು ನಿಮಿಷ ಕಳೆದರೂ ಕರಗಿಲ್ಲ. ಕನ್ನಡ ಪದದ ಪರೀಕ್ಷೆ ಎರಡು ಸಲ ಬಿದ್ದಿದೆ. ಅಂಕಿ ಬರುವುದೇ ನಿಂತಿದೆ. ಐದರಲ್ಲಿ ನಾಲ್ಕು ಗುಮಾಸ್ತರು ಸದಾ ಕೆಲಸದಲ್ಲೇ ಇದ್ದಾರೆ, ನಿಧಾನದ ಅರ್ಜಿ ಹೆಚ್ಚುತ್ತಿದೆ ಎಂಬಂಥವು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಬೇಕಾದವು.

ದುಡ್ಡಿಲ್ಲ ಎಂಬ ನೆಪ

ನಮ್ಮದು ಸಣ್ಣ ಸಂಸ್ಥೆ, ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುವವರಿಗೆ ಒಂದೇ ಮಾತು. ನಾಗಿಯೋಸ್ ಕೋರ್, ಝ್ಯಾಬಿಕ್ಸ್, ಪ್ರೊಮೀಥಿಯಸ್ ಮೂರೂ ಮುಕ್ತ ತಂತ್ರಾಂಶಗಳು. ಪರವಾನಗಿಗೆ ಒಂದು ಪೈಸೆ ಇಲ್ಲ. ಝ್ಯಾಬಿಕ್ಸ್‌ನಲ್ಲಿ ಪಿಎಚ್‌ಪಿ-ಎಫ್‌ಪಿಎಂಗೆಂದೇ ಸಿದ್ಧ ನಮೂನೆ ಇದೆ. ಹೋಸ್ಟ್‌ಗೆ ಜೋಡಿಸಿ ವಿಳಾಸ ತುಂಬಿದರೆ ಅಂಕಿ ಬರತೊಡಗುತ್ತದೆ. ಅದೂ ಬೇಡವೇ? ಇನ್ನೊಂದು ಹಳೆಯ ಯಂತ್ರದಲ್ಲಿ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಕ್ರಾನ್‌ಗೆ ಹಾಕಿ. ಇಲ್ಲದಿರುವುದು ದುಡ್ಡಲ್ಲ, ಮನಸ್ಸು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಟ ನಮಗೆ ಯಾವಾಗ ಬಿಡುತ್ತದೆ?

ಕನ್ನಡ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2019ರಲ್ಲಿ ಎಚ್‌ಎಚ್‌ವಿಎಂ ಎಂಬ ಬೇರೆ ಓಟಗಾರನನ್ನು ಬಿಟ್ಟು ಪಿಎಚ್‌ಪಿ 7ಕ್ಕೆ ಬಂತು. ಅದರ ಯಂತ್ರಗಳ ಅಂಕಿಗಳನ್ನು ಪ್ರೊಮೀಥಿಯಸ್ ಕೂಡಿಸಿಡುತ್ತದೆ, ಗ್ರಫಾನಾ ತೋರಿಸುತ್ತದೆ. ಆ ಗ್ರಾಫ್‌ಗಳು ಜಗತ್ತಿಗೇ ತೆರೆದಿವೆ! ಯಾರು ಬೇಕಾದರೂ ಹೋಗಿ ನೋಡಬಹುದು. ಒಬ್ಬೊಬ್ಬರ ಅರ್ಜಿ ಬಯಲಿಗಿಡದೆ ಒಟ್ಟು ಲೆಕ್ಕವನ್ನು ಬಯಲಿಗಿಡುವುದು ಹೀಗೆ. ದೇಣಿಗೆಯಲ್ಲಿ ಬದುಕುವ ಸಂಸ್ಥೆಗೆ ಈ ಧೈರ್ಯವಿದೆ. ತೆರಿಗೆಯಲ್ಲಿ, ಚಂದಾದಲ್ಲಿ ಬದುಕುವವರಿಗೆ ಯಾಕಿಲ್ಲ?

ಗುತ್ತಿಗೆ ಪತ್ರದ ಕಣ್ಕಟ್ಟು

ಕೊನೆಯದಾಗಿ ಶೇಕಡಾ 99.9ರ ನಾಟಕ. ಗುತ್ತಿಗೆ ಪತ್ರದಲ್ಲಿ ‘99.9 ಅಪ್‌ಟೈಮ್’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರಕ್ಕೆ ಒಂದು ಎಂದರೆ ಎಂಟು ಮುಕ್ಕಾಲು ಗಂಟೆ. ಅಷ್ಟೇ ತಾನೇ, ಸಹಿಸೋಣ ಎನ್ನುತ್ತೀರಿ. ಆದರೆ ಅಳೆಯುವವರು ಯಾರು? ಅದೇ ಗುತ್ತಿಗೆದಾರ. ಅಳೆಯುವ ಕೋಲು ಯಾವುದು? ಪಿಂಗ್! ಬೆಂಚಿನ ಮೇಲೆ ಏಳು ನಿಮಿಷ ಕೂತವರ ಹೊತ್ತು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದು, ಎಷ್ಟು ಮೇಯ್ದೆ ಎಂಬ ಲೆಕ್ಕವನ್ನೂ ತಾನೇ ಬರೆದ ಹಾಗೆ!

ಓದುಗ ಮಿತ್ರರೇ, ನಿಮ್ಮ ಸಂಘದ, ಶಾಲೆಯ, ಸಹಕಾರಿಯ ಮುಂದಿನ ಸಭೆಯಲ್ಲಿ ಎದ್ದು ನಿಂತು ಈ ಹಕ್ಕೊತ್ತಾಯಗಳನ್ನು ಇಡಿ:

1. ತಾಣದ ಕಾವಲು ತಾಣ ಇರುವ ಯಂತ್ರದ ಹೊರಗೆ, ಇನ್ನೊಂದು ಯಂತ್ರದಲ್ಲಿರಬೇಕು.

2. ಎಫ್‌ಪಿಎಂನ ಸಾಲು, ಮಿತಿ ಮುಟ್ಟಿದ ಸಲ, ನಿಧಾನದ ಅರ್ಜಿ ಈ ಮೂರು ಅಂಕಿ ನಿರಂತರ ದಾಖಲಾಗಬೇಕು. ಲೆಕ್ಕ ಒಪ್ಪಿಸಲು ಬೇರೆ ಕಿಟಕಿ ಇರಬೇಕು.

3. ನಿಧಾನದ ಲಾಗ್ ಚಾಲೂ ಇರಬೇಕು. ಅದನ್ನು ವಾರಕ್ಕೊಮ್ಮೆ ಮನುಷ್ಯರು ಓದಬೇಕು.

4. ದತ್ತಸಂಚಯದಿಂದ ಬರುವ ಕನ್ನಡ ಪದದ ಪರೀಕ್ಷೆ ಐದು ನಿಮಿಷಕ್ಕೊಮ್ಮೆ ನಡೆಯಬೇಕು.

5. ದೋಷದ ಪುಟ ಕನ್ನಡದಲ್ಲಿರಬೇಕು. ದೋಷದ ಸಂಖ್ಯೆಯನ್ನು ತಿದ್ದಕೂಡದು.

6. ಅಂಕಿ ಬರೆದಿಟ್ಟುಕೊಳ್ಳದೆ ರೀಸ್ಟಾರ್ಟ್ ಮಾಡಕೂಡದು.

7. ಗುತ್ತಿಗೆ ಪತ್ರದಲ್ಲಿ ಪಿಂಗ್ ಅಲ್ಲ, ಪುಟ ಜನರ ಕೈ ಸೇರಲು ಹಿಡಿದ ಹೊತ್ತೇ ಅಳತೆಗೋಲಾಗಬೇಕು.

ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ನಮ್ಮ ಹುಡುಗರು, ನಮ್ಮ ಹುಡುಗಿಯರು ಇದೇ ಕೆಲಸವನ್ನು ಬೆಂಗಳೂರಿನ ಕಚೇರಿಗಳಲ್ಲಿ ಕೂತು ಪರದೇಶದ ಕಂಪನಿಗಳಿಗಾಗಿ ಹಗಲಿರುಳು ಮಾಡುತ್ತಿದ್ದಾರೆ. ಅವರ ಒಂದು ಭಾನುವಾರ ಕನ್ನಡದ ತಾಣಗಳಿಗೂ ಸಿಗಲಿ. ಒಂದೊಂದು ಸಂಘಕ್ಕೆ ಒಬ್ಬೊಬ್ಬರು ಹೆಗಲು ಕೊಡಲಿ.

ಇನ್ನು ಮುಂದೆ ಯಾರಾದರೂ ‘ಸರ್ವರ್ ಡೌನ್’ ಎಂದರೆ ತಲೆ ತಗ್ಗಿಸಿ ವಾಪಸ್ ಬರಬೇಡಿ. ಎದೆ ಸೆಟೆದು ಕೇಳಿ: ಯಾವುದು ಡೌನ್? ಎಷ್ಟು ಹೊತ್ತಿಗೆ ಡೌನ್ ಆಯಿತು? ಆಗ ಸಾಲು ಎಷ್ಟಿತ್ತು? ನೋಡುತ್ತಿದ್ದವರು ಯಾರು? ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಬಿದ್ದಿರುವುದು ಸರ್ವರ್ ಅಲ್ಲ, ಹೊಣೆಗಾರಿಕೆ!

ಬಾಗಿಲು ಕಾದದ್ದು ಸಾಕು. ಇನ್ನು ಸಾಲು ಕಾಯಿರಿ!